ಶೀಳ್ ಫಾಟಾದಲ್ಲಿ ನಿಂತ ಬಸ್ಸು

ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಅಸಹನೆ. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ಅರ್ಥವಾಗದ ಸಂಗತಿಯ ಮುಂದೆ ಇನ್ನೊಂದು ದಿನ ಕೂತು ಯೋಚಿಸುವ ಬದಲು, ಅರ್ಥವಾಗಲಿಲ್ಲ ಎಂಬುದನ್ನೇ ಒಂದು ಗಳಿಕೆಯಂತೆ ಎತ್ತಿ ತೋರಿಸುತ್ತಾರೆ ಎಂಬುದು ನನ್ನ ತಕರಾರಾಗಿತ್ತು. ನಾನು ಠಾಣೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ತೀರಿಹೋದ ಅತ್ತೆಯ ಬಳೆಯ ಸದ್ದು ಕೇಳಿಸಿತೆಂದು ಶುರು ಮಾಡಿದರೆ, ಅವತ್ತು ಸರಿಯಾಗಿ ನಿದ್ದೆಯಾಗಿತ್ತೇ, ಜ್ವರ ಇತ್ತೇ, ಪಕ್ಕದ ಫ್ಲ್ಯಾಟಿನವರು ಎದ್ದಿದ್ದರೇ ಎಂದು ಕೇಳತೊಡಗುತ್ತಿದ್ದೆ. ಕೊನೆಗೆ ನಾನು ಒಳಗೆ ಬಂದರೆ ಅವರು ಮಾತನ್ನೇ ಬದಲಿಸುತ್ತಿದ್ದರು.

ಈಗ ಅದೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡು ಸುಸ್ತಾಗಿದ್ದೇನೆ. ನಡೆದದ್ದನ್ನು ನೆನಪಿರುವಂತೆ ಹೇಳುತ್ತೇನೆ. ಎಲ್ಲಿ ನನ್ನ ನೆನಪನ್ನು ನಾನೇ ನಂಬಲಾರೆನೋ ಅಲ್ಲಿ ಅದನ್ನೂ ಹೇಳುತ್ತೇನೆ. ಓದುವವರು ನನ್ನ ಮೇಲೆ ಕನಿಕರ ತೋರಿಸಬೇಕಾಗಿಲ್ಲ. ನಾನು ಬೇರೆಯವರಿಗೆ ತೋರಿಸಿದವನಲ್ಲ.

ನನ್ನ ತಮ್ಮ ಗುರುರಾಜ ಡೊಂಬಿವಲಿ ಪೂರ್ವದಲ್ಲಿ, ಸ್ಟೇಶನ್ನಿಗೆ ಹತ್ತಿರ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದಾನೆ. ನಮ್ಮದು ವಿಜಾಪುರದ ಕಡೆಯ ಮನೆತನ. ಅಪ್ಪನ ಕಾಲಕ್ಕೇ ಇಲ್ಲಿಗೆ ಬಂದದ್ದು. ಗುರುವಿನ ಎರಡೂ ಕಿಡ್ನಿ ಕೆಟ್ಟು ಆ ಹೊತ್ತಿಗೆ ಕೆಲವು ವರ್ಷಗಳೇ ಆಗಿದ್ದವು. ವಾರಕ್ಕೆ ಮೂರು ಸಲ ಕಲ್ಯಾಣಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಕುಡಿಯುವ ನೀರಿಗೂ ಲೆಕ್ಕ. ಅವನ ಹೆಂಡತಿ ಸವಿತಾ ಬೆಳಿಗ್ಗೆಯೇ ಒಂದು ಬಾಟಲಿಯಲ್ಲಿ ದಿನದ ನೀರು ತುಂಬಿಡುತ್ತಿದ್ದಳು. ಬೇಸಿಗೆಯಲ್ಲಿ ಅವನು ಆ ಬಾಟಲಿಯನ್ನು ನೋಡುತ್ತಿದ್ದ ರೀತಿಯನ್ನು ನಾನು ನೋಡಲಾರದೆ ಎದ್ದು ಬಂದದ್ದಿದೆ. ನನ್ನ ರಕ್ತದ ಗುಂಪು ಅವನಿಗೆ ಹೊಂದುತ್ತಿರಲಿಲ್ಲ. ಸವಿತಾಳಿಗೆ ಸಕ್ಕರೆ ಕಾಯಿಲೆ. ಹಾಗಾಗಿ, ಯಾರಾದರೂ ಅಪರಿಚಿತರು ತೀರಿಕೊಂಡು ಅವರ ಮನೆಯವರು ಒಪ್ಪಿದರೆ ಸಿಗುವ ಕಿಡ್ನಿಗಾಗಿ ನವಿ ಮುಂಬೈಯ ನೆರೂಳಿನ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದೆವು.

ಎರಡು ಮಳೆಗಾಲದ ಹಿಂದೆ, ಒಂದು ಮಧ್ಯಾಹ್ನ, ಆಸ್ಪತ್ರೆಯಿಂದ ಫೋನು ಬಂತು. ಕಿಡ್ನಿ ಸಿಕ್ಕಿದೆ, ಏನೂ ತಿನ್ನಿಸದೆ ಕುಡಿಸದೆ ಕರೆದುಕೊಂಡು ಬನ್ನಿ, ಸಂಜೆ ಎಂಟರೊಳಗೆ ಇಲ್ಲಿರಬೇಕು ಎಂದು ಅಲ್ಲಿನ ಸಂಯೋಜಕಿ ಹೇಳಿದಳು. ಇಂಥ ಸಮಯದಲ್ಲಿ ಒಬ್ಬರನ್ನೇ ಕರೆಯುವುದಿಲ್ಲವಂತೆ. ಎರಡನೆಯವರನ್ನೂ ಕರೆದು ಕೂರಿಸಿಕೊಳ್ಳುತ್ತಾರೆ. ಮೊದಲಿನವರು ಬರದೆ ಹೋದರೆ, ಅಥವಾ ರಕ್ತದ ಪರೀಕ್ಷೆಯಲ್ಲಿ ಹೊಂದದೆ ಹೋದರೆ ಅವರಿಗೆ. ನಮ್ಮದು ಮೊದಲ ಹೆಸರಾಗಿತ್ತು.

ಅವತ್ತು ಬೆಳಗಿನಿಂದ ಎಡೆಬಿಡದ ಮಳೆ. ಕಾಲೇಜಿಗೆ ರಜೆ ಕೊಟ್ಟಿದ್ದರಿಂದ ನಾನು ಗುರುವಿನ ಮನೆಯಲ್ಲೇ ಇದ್ದೆ. ಹಳಿಗಳ ಮೇಲೆ ನೀರು ನಿಂತು ಲೋಕಲ್ ರೈಲು ಬಂದ್ ಆಗಿದ್ದವು. ಫೋನಿನಲ್ಲಿ ಟ್ಯಾಕ್ಸಿ ಕರೆದರೆ ಒಪ್ಪಿಕೊಳ್ಳುವುದು, ಸ್ವಲ್ಪ ಹೊತ್ತಿಗೆ ಬರುವುದಿಲ್ಲ ಎನ್ನುವುದು. ಅಂಬ್ಯುಲೆನ್ಸಿನವರು ರಸ್ತೆಯಲ್ಲಿ ಸಿಕ್ಕಿಬಿದ್ದಿದ್ದೇವೆ, ಯಾವಾಗ ಬರುತ್ತೇವೋ ಹೇಳಲಾಗದು ಎಂದರು. ಕೆಳಗಿನ ಮನೆಯವರ ಕಾರು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬಾಗಿಲ ಮಟ್ಟಕ್ಕೆ ಮುಳುಗಿತ್ತು. ಇಲ್ಲಿಯ ರಿಕ್ಷಾದವರು ನವಿ ಮುಂಬೈ ಕಡೆ ಬರುವುದೇ ಇಲ್ಲ. ಹೀಗೆ ಒಂದೊಂದೇ ದಾರಿ ಮುಚ್ಚುತ್ತ ಬಂದು, ಉಳಿದದ್ದು ಅದೇ ಕಡೆ ವಾಶಿಗೆ ಹೋಗುವ ಬಸ್ಸು.

ಸ್ಟ್ಯಾಂಡಿನಲ್ಲಿ ಜನ ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದರು. ಬಸ್ಸು ಬಂದಾಗ ಸವಿತಾ, ಮನೆಯಲ್ಲಿ ಜೋರಾಗಿ ಮಾತಾಡದವಳು, "ಪೇಶಂಟ್ ಆಹೇ, ಜಾಗಾ ದ್ಯಾ" ಎಂದು ಮರಾಠಿಯಲ್ಲಿ ಕೂಗುತ್ತ ಗುಂಪನ್ನು ಸೀಳಿಕೊಂಡು ಹೋದಳು. ಜನ ಬೈದರು, ಗುರುವಿನ ಊದಿದ ಮುಖ ನೋಡಿ ಸರಿದು ನಿಂತರು. ಮರುದಿನ ಡಯಾಲಿಸಿಸ್ ಆಗಬೇಕಿದ್ದರಿಂದ ಅವನಿಗೆ ಉಸಿರಾಡುವುದೂ ಕಷ್ಟವಾಗಿತ್ತು. ಹಿಂಬದಿಯ ಉದ್ದ ಸೀಟಿನಲ್ಲಿ ಅವನನ್ನು ಮಲಗಿಸಿದೆವು. ತಲೆ ಸವಿತಾಳ ತೊಡೆಯ ಮೇಲೆ, ಕಾಲು ನನ್ನ ಮಡಿಲಲ್ಲಿ.

ಹತ್ತುವಾಗಲೇ ಅದು ಯಾವ ಬಸ್ಸು ಎಂದು ನನಗೆ ಗೊತ್ತಾಗಿತ್ತು. ಪ್ರಯೋಗಕ್ಕೆಂದು ತಂದಿದ್ದ ಒಂದೆರಡು ಬಸ್ಸುಗಳಲ್ಲಿ ಅದೊಂದು. ಓಡುವುದು ಬ್ಯಾಟರಿಯಿಂದಲೇ. ಆದರೆ ಛಾವಣಿಯ ಮೇಲೆ ಹೈಡ್ರೋಜನ್ ಸಿಲಿಂಡರುಗಳು, ಹಿಂದೆ ಒಂದು ಪೆಟ್ಟಿಗೆಯಲ್ಲಿ ಫ್ಯುಯೆಲ್ ಸೆಲ್. ಬ್ಯಾಟರಿ ಇಳಿಯುತ್ತ ಬಂದರೆ ಈ ಸೆಲ್ ಹೈಡ್ರೋಜನ್ನನ್ನು ಗಾಳಿಯ ಆಮ್ಲಜನಕದೊಂದಿಗೆ ಕೂಡಿಸಿ ವಿದ್ಯುತ್ ಮಾಡಿ ಬ್ಯಾಟರಿಗೆ ಉಣಿಸುತ್ತದೆ. ಬಸ್ಸು ಇನ್ನಷ್ಟು ದೂರ ಹೋಗುತ್ತದೆ. ಹೊಗೆ ಇಲ್ಲ, ಹಿಂದಿನ ಕೊಳವೆಯಿಂದ ಬರೀ ನೀರು ಬರುತ್ತದೆ. ಗುರುವಿನ ಗಮನ ಬೇರೆ ಕಡೆ ಎಳೆಯಲು ಇದನ್ನೆಲ್ಲ ನಾನು ಪಾಠದ ಹಾಗೆ ಅವನಿಗೆ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಬಸ್ಸಿಗೂ ನೀರು ಹೋಗ್ತದ ಅನ್ನು. ನನಗಿಂತ ಅದೇ ಛಲೋ ಅದ ಬಿಡಣ್ಣಾ," ಎಂದ.

ಸವಿತಾ ಮುಖ ತಿರುಗಿಸಿಕೊಂಡಳು. ಮೂತ್ರ ಹೋಗುವುದು ನಿಂತು ಅವನಿಗೆ ವರ್ಷಗಳಾಗಿದ್ದವು. ಆದರೆ ಆ ಮಾತಿಗೆ ಮುಂದಿನಿಂದ ಯಾರೋ ನಕ್ಕದ್ದು ಕೇಳಿಸಿತು. ಡ್ರೈವರ್. ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ, ಯಾವೂರಿನವರೆಂದು ಕೇಳಿದ. ವಿಜಾಪುರ ಎಂದೆ. ತನ್ನದು ಜತ್ತ, ಹೆಸರು ಬಸಗೊಂಡ, ಮನೆಯಲ್ಲಿ ಕನ್ನಡ ಸಾಲೆಯಲ್ಲಿ ಮರಾಠಿ ಎಂದ. ಎಲ್ಲಿಗೆ, ಯಾಕೆ ಹೊರಟಿದ್ದೇವೆ ಎಂಬುದನ್ನು ನಾನು ಅಲ್ಲಿಂದಲೇ ಕೂಗಿ ಹೇಳಿದೆ. ಆಮೇಲೆ ಅವನು ಎದುರಿನ ನೀರನ್ನೇ ನೋಡುತ್ತ ಓಡಿಸಿದ.

ಕಲ್ಯಾಣ–ಶೀಳ್ ರಸ್ತೆಯಲ್ಲಿ ವಾಹನಗಳು ಇರುವೆಯ ಹಾಗೆ ಸರಿಯುತ್ತಿದ್ದವು. ನಾವು ಹತ್ತಿ ಬಹಳ ಹೊತ್ತಾದ ಮೇಲೆ ಏ.ಸಿ. ನಿಂತಿತು. ಒಳಗಿನ ಅರ್ಧ ದೀಪ ಆರಿದವು. ಬಸಗೊಂಡ ಯಾರಿಗೋ ಫೋನು ಮಾಡಿ ಮರಾಠಿಯಲ್ಲಿ ಜಗಳವಾಡುತ್ತಿದ್ದ. ಅದರಿಂದ ತಿಳಿದದ್ದು ಇಷ್ಟು. ರೈಲು ನಿಂತಿವೆಯೆಂದು ಡಿಪೋದಲ್ಲಿದ್ದ ಎಲ್ಲ ಬಸ್ಸುಗಳನ್ನೂ ಹೊರಡಿಸಿದ್ದಾರೆ. ಚಾರ್ಜಿಂಗಿನವರು, ಈ ಬಸ್ಸಿಗೆ ಗ್ಯಾಸು ಇದೆಯಲ್ಲ ಎಂದುಕೊಂಡು, ಅರ್ಧಕ್ಕೇ ಪ್ಲಗ್ ಕಿತ್ತು ಬೇರೆ ಬಸ್ಸಿಗೆ ಹಾಕಿದ್ದಾರೆ. ಗ್ಯಾಸಿನವರು, ಇದು ಬ್ಯಾಟರಿಯ ಮೇಲೆ ಓಡುತ್ತದಲ್ಲ ಎಂದುಕೊಂಡು ಸಿಲಿಂಡರ್ ತುಂಬಿಯೇ ಇಲ್ಲ. ಇವರು ಅವರನ್ನು ನಂಬಿದರು, ಅವರು ಇವರನ್ನು ನಂಬಿದರು. ಒಂದೇ ಆಧಾರವಿದ್ದ ಹಳೆಯ ಡೀಸೆಲ್ ಬಸ್ಸಿಗೆ ಈ ತಪ್ಪು ಆಗುತ್ತಿರಲಿಲ್ಲ.

ಶೀಳ್ ಫಾಟಾದ ಕೂಡುರಸ್ತೆ ತಲುಪುವ ಮೊದಲೇ ಡ್ರೈವರನ ಮುಂದಿನ ಪರದೆಯಲ್ಲಿ ಆಮೆಯ ಚಿತ್ರ ಮೂಡಿತ್ತು. ಬಲ ಮುಗಿಯುತ್ತಿದೆ, ಇನ್ನು ತೆವಳುತ್ತೇನೆ ಎಂದು ಇಂಥ ಬಸ್ಸು ಹೇಳುವುದು ಹೀಗೆ. ಫ್ಲೈಓವರಿನ ಕೆಳಗೆ, ಮಳೆ ಬೀಳದ ಒಂದು ಒಣ ಜಾಗಕ್ಕೆ ಬಸಗೊಂಡ ಅದನ್ನು ಹೇಗೋ ತಂದು ನಿಲ್ಲಿಸಿದ. ಅಲ್ಲಿಂದ ಮುಂದೆ ಮಹಾಪೆಗೆ ಹೋಗಬೇಕಾದರೆ ಗುಡ್ಡದ ಏರು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಏನೂ ಆಗಲಿಲ್ಲ. ಜನ ಸ್ವಲ್ಪ ಹೊತ್ತು ಗದ್ದಲ ಮಾಡಿ, ಒಬ್ಬೊಬ್ಬರಾಗಿ ಇಳಿದು, ಕೊಡೆ ಬಿಚ್ಚಿ ನಡೆದರು. ಕಂಡಕ್ಟರ್ ಹೆಂಗಸು ಬೇರೆ ಬಸ್ಸು ನಿಲ್ಲಿಸುತ್ತೇನೆಂದು ರಸ್ತೆಯ ಆಚೆ ಬದಿಗೆ ಹೋದಳು. ಬಸಗೊಂಡ ಹಿಂದೆ ಬಂದು ನಮ್ಮ ಮುಂದೆ ನಿಂತ.

"ಗ್ಯಾಸೂ ಇಲ್ರಿ, ಚಾರ್ಜಿಂಗೂ ಇಲ್ರಿ. ಇನ್ನ ನಾ ಏನ್ ಮಾಡ್ಲಿ ಹೇಳ್ರಿ ಸರ್."

ಆಗ ಆರೂವರೆ ದಾಟಿತ್ತು. ಆಸ್ಪತ್ರೆಗೆ ಫೋನು ಮಾಡಿದೆ. ಸಂಯೋಜಕಿ ಸಿಡುಕಲಿಲ್ಲ, ಮೆಲ್ಲನೆ ಮಾತಾಡಿದಳು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಎಂಟರ ತನಕ ಖಂಡಿತ ಕಾಯುತ್ತೇವೆ, ಆಮೇಲೆ ಕಿಡ್ನಿ ಕಾಯುವುದಿಲ್ಲ, ಎರಡನೆಯ ಪೇಶಂಟ್ ಮಧ್ಯಾಹ್ನದಿಂದ ಇಲ್ಲಿಯೇ ಇದ್ದಾರೆ ಎಂದಳು. ಸವಿತಾ ಗಂಡನ ತಲೆಯನ್ನು ಸೀಟಿನ ಮೇಲಿಟ್ಟು, ಇಳಿದು ಹೋಗಿ, ಲಾರಿ, ಟೆಂಪೋ, ಕಾರು, ಕಂಡ ಕಂಡದ್ದಕ್ಕೆಲ್ಲ ಕೈ ಅಡ್ಡ ಹಿಡಿದಳು. ನಿಂತ ಒಬ್ಬಿಬ್ಬರೂ, ಮುಂದೆ ಏರಿನಲ್ಲಿ ತಾವೇ ಹೋಗುತ್ತೇವೋ ಇಲ್ಲವೋ ಎಂದು ಹೇಳಿ ಹೊರಟರಂತೆ. ಪೂರ್ತಿ ನೆನೆದು ವಾಪಸು ಬಂದು ಕೂತು, ಸೆರಗಿನ ತುದಿ ಹಿಂಡುತ್ತ ಏನೋ ಗುಣುಗುಣಿಸತೊಡಗಿದಳು. ರಾಯರ ಹೆಸರಿರಬೇಕು. ನನಗೆ ಗುಣುಗುಣಿಸಲು ಯಾರ ಹೆಸರೂ ಇರಲಿಲ್ಲ. ಗುರು, ವಾಪಸು ಹೋಗೋಣ, ನಾಳೆ ಡಯಾಲಿಸಿಸ್ ತಪ್ಪಿದರೆ ಅದೂ ಹೋಗುತ್ತದೆ ಎಂದ.

ಅಲ್ಲಿಯವರೆಗೆ ನಡೆದದ್ದರಲ್ಲಿ ನನಗೆ ಸಂದೇಹವಿಲ್ಲ. ಇನ್ನು ಮುಂದಿನದನ್ನು ನಿಧಾನವಾಗಿ ಹೇಳಬೇಕು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ಗೊತ್ತಿಲ್ಲ. ನಮ್ಮ ಬೆನ್ನ ಹಿಂದೆ, ಸೀಟಿನ ಆಚೆ, ಒಂದು ಸದ್ದು ಎದ್ದಿತು. ಮೊದಲು ಯಾರೋ ದೀರ್ಘವಾಗಿ ಉಸಿರು ಎಳೆದುಕೊಂಡಂತೆ. ಆಮೇಲೆ ಗೋಡೆಯ ಆಚೆಯ ಮನೆಯಲ್ಲಿ ಮಿಕ್ಸರ್ ತಿರುಗಿದಂತೆ, ಒಂದೇ ಸಮನೆ. ನನ್ನ ಬೆನ್ನಿಗೆ ತಾಗಿದ್ದ ಹಲಗೆ ಸಣ್ಣಗೆ ನಡುಗಿತು. ಬಸಗೊಂಡ ಮುಂದಿನಿಂದ ಕೂಗಿದ.

"ಸರ್, ಹಿಂದ ಏನೋ ಚಾಲೂ ಆತ್ರಿ."

ಫ್ಯುಯೆಲ್ ಸೆಲ್ಲಿಗೆ ಗಾಳಿ ಊದುವ ಯಂತ್ರ ಎಂದು ನನಗೆ ತಕ್ಷಣ ಹೊಳೆಯಿತು. ಹೈಡ್ರೋಜನ್ ಇಲ್ಲ ಎಂಬುದೂ ಅದೇ ಕ್ಷಣ ಹೊಳೆಯಿತು. ನಾನು ಗುರುವಿನ ಕಾಲನ್ನು ಸೀಟಿನ ಮೇಲೆ ಸರಿಸಿ, ನಡುಬಾಗಿಲಿನಿಂದ ಇಳಿದು, ಬಸ್ಸಿನ ಹಿಂಬದಿಗೆ ಹೋದೆ. ಫ್ಲೈಓವರಿನ ಕೆಳಗೆ ಕತ್ತಲಾಗುತ್ತಿತ್ತು. ಹಾದು ಹೋಗುವ ವಾಹನಗಳ ಬೆಳಕು ಆಗಾಗ ಬೀಳುತ್ತಿತ್ತು. ಕೆಳಗಿನ ಕೊಳವೆಯಿಂದ ನೀರು ಹನಿಯುತ್ತಿತ್ತು. ಕೆಳಗೆ ಒಣನೆಲದಲ್ಲಿ ಅಂಗೈ ಅಗಲದ ಒದ್ದೆ. ಕೈ ಒಡ್ಡಿದೆ. ಬೆಚ್ಚಗಿತ್ತು. ಎಳೆಮಗುವಿನ ಸ್ನಾನಕ್ಕೆ ಹದ ಮಾಡಿದ ನೀರಿನಷ್ಟು ಬೆಚ್ಚಗೆ. ನಾಲಗೆಗೆ ತಾಗಿಸಿದೆ. ಯಾವ ರುಚಿಯೂ ಇರಲಿಲ್ಲ. ಮಳೆಯ ನೀರಿಗೆ, ನಲ್ಲಿಯ ನೀರಿಗೆ ಇರುವ ಆ ಸಣ್ಣ ರುಚಿಯೂ ಇಲ್ಲ. ಪ್ರಯೋಗಶಾಲೆಯಲ್ಲಿ ಬಟ್ಟಿ ಇಳಿಸಿದ ನೀರು ಹಾಗಿರುತ್ತದೆ. ಇಪ್ಪತ್ತು ವರ್ಷ ಆ ನೀರಿನ ಜೊತೆ ಕೆಲಸ ಮಾಡಿದವನು ನಾನು.

ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ ಎಂದು ನನಗೆ ನೆನಪು. ಆಮೇಲೆ ಒಳಗೆ ಬಂದದ್ದು ನೆನಪಿಲ್ಲ. ಸೀಟಿನಲ್ಲಿ ಕೂತಿದ್ದೆ, ಗುರುವಿನ ಕಾಲು ನನ್ನ ಮಡಿಲಲ್ಲಿತ್ತು, ಬಸ್ಸು ಏರು ಹತ್ತುತ್ತಿತ್ತು. ಕಂಡಕ್ಟರ್ ಹೆಂಗಸು ರಸ್ತೆಯ ಆಚೆ ಬದಿಯಲ್ಲೇ ಉಳಿದಿದ್ದಳು. ಹಿಂದೆ ಆ ಸದ್ದು ಇತ್ತು. ಮಾತಾಡಿದರೆ ಅದು ನಿಂತುಹೋದೀತು ಎಂದು ನಾವು ನಾಲ್ವರೂ ಹೆದರಿದ್ದೆವೇನೋ. ಗುಡ್ಡ ಇಳಿದು, ಮಹಾಪೆ ದಾಟಿ, ತುರ್ಭೆಯ ಹತ್ತಿರ ಬರುವ ಹೊತ್ತಿಗೆ ರಸ್ತೆ ಖಾಲಿಯಾಗಿತ್ತು. ಬಸಗೊಂಡ ವಾಶಿಯ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ನಮ್ಮನ್ನು ಕೇಳದೆ ನೆರೂಳಿನ ದಾರಿ ಹಿಡಿದು, ಆಸ್ಪತ್ರೆಯ ಗೇಟಿನ ಮುಂದೆ ಬಸ್ಸು ನಿಲ್ಲಿಸಿದ. ಎಂಟಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ಅವನ ಕೈ ಹಿಡಿದುಕೊಂಡೆ. ಹೋಗ್ರಿ ಹೋಗ್ರಿ ಎಂದು ಕೈ ಬಿಡಿಸಿಕೊಂಡ.

ಗುರುವನ್ನು ಸ್ಟ್ರೆಚರಿನಲ್ಲಿ ಒಳಗೆ ತೆಗೆದುಕೊಂಡು ಹೋಗುವಾಗ ಓಣಿಯಂಥ ಉದ್ದನೆಯ ಹಾದಿಯಲ್ಲಿ, ಬೆಂಚಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಗುರುವಿನದೇ ವಯಸ್ಸು. ಅದೇ ಊದಿದ ಮುಖ, ಅದೇ ಬೂದಿ ಬಣ್ಣ. ಕೈಗೆ ಆಗಲೇ ಆಸ್ಪತ್ರೆಯ ಪಟ್ಟಿ ಕಟ್ಟಿದ್ದರು. ಪಕ್ಕದಲ್ಲಿ ಹೆಂಡತಿ, ಮಡಿಚಿದ ಚಾದರ, ಒಂದು ಚೀಲ. ನಮ್ಮನ್ನು ನೋಡಿದ ಕೂಡಲೇ ಅವನಿಗೆ ತಿಳಿಯಿತು. ನನಗೂ ತಿಳಿಯಿತು. ಅವನು ಏನೂ ತೋರಿಸಿಕೊಳ್ಳಲಿಲ್ಲ. ಸ್ಟ್ರೆಚರಿಗೆ ದಾರಿಯಾಗಲೆಂದು ತನ್ನ ಕಾಲನ್ನು ಒಳಗೆಳೆದುಕೊಂಡು, ತಳ್ಳುತ್ತಿದ್ದವನಿಗೆ ಮರಾಠಿಯಲ್ಲಿ, ಬೇಗ ಬೇಗ ಕರೆದುಕೊಂಡು ಹೋಗು ಎಂದ. ಗುರುವಿನ ರಕ್ತ ಹೊಂದಿತು. ರಾತ್ರಿಯೇ ಆಪರೇಶನ್ ಆಯಿತು. ಮುಂಜಾನೆ ನಾನು ಚಹಾ ಕುಡಿಯಲು ಕೆಳಗೆ ಹೋಗುವಾಗ ಆ ಬೆಂಚು ಖಾಲಿ ಇತ್ತು.

ಹೊಸ ಕಿಡ್ನಿ ಮೇಜಿನ ಮೇಲೆಯೇ ಕೆಲಸ ಶುರು ಮಾಡಿತೆಂದು ಡಾಕ್ಟರು ಹೇಳಿದರು. ಮೂತ್ರದ ಚೀಲ ತುಂಬಿದ್ದನ್ನು ನೋಡಿ ಸವಿತಾ ಅತ್ತಳು. ನಾನು ಅಂದು ಬಸ್ಸಿನ ಬಗ್ಗೆ ಯೋಚಿಸಲೂ ಇಲ್ಲ.

ಯೋಚನೆ ಶುರುವಾದದ್ದು ಗುರು ಮನೆಗೆ ಬಂದ ಮೇಲೆ. ಬಸಗೊಂಡನಿಗೆ ಕೃತಜ್ಞತೆ ಹೇಳಬೇಕೆಂದು ಪೇಢೆಯ ಡಬ್ಬಿ ಹಿಡಿದು ಡಿಪೋ ಹುಡುಕಿಕೊಂಡು ಹೋದೆ. ದಾರಿ ಬಿಟ್ಟು ಬಸ್ಸು ಒಯ್ದದ್ದಕ್ಕೆ ಅವನಿಗೆ ಮೆಮೊ ಸಿಕ್ಕಿತ್ತು. ಅದರ ಬಗ್ಗೆ ಅವನಿಗೆ ಹೆಚ್ಚು ಬೇಸರವೂ ಇರಲಿಲ್ಲ. ಆ ಬಸ್ಸು ಅಲ್ಲೇ ನಿಂತಿತ್ತು. ಅದರ ದೇಖರೇಖಿ ನೋಡುವ ಎಂಜಿನಿಯರ್ ಒಬ್ಬರು ಹತ್ತಿರದಲ್ಲಿದ್ದರು. ಸಿಲಿಂಡರಿನಲ್ಲಿ ಒಂದಿಷ್ಟು ಹೈಡ್ರೋಜನ್ ಉಳಿದಿದ್ದರೂ ಅಳತೆ ಸೊನ್ನೆ ತೋರಿಸಬಹುದೇ ಎಂದು ನಾನು ಅವರನ್ನು ಕೇಳಿದೆ. ಅದೇ ನನಗೆ ಬೇಕಾಗಿದ್ದ ವಿವರಣೆ. ಅವರು ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿ, ಹಿಂದಕ್ಕೆ ಕರೆದುಕೊಂಡು ಹೋಗಿ, ಪೆಟ್ಟಿಗೆಯ ಮುಚ್ಚಳ ತೆಗೆದರು.

ಒಳಗೆ ಮರಳಿನ ಚೀಲಗಳಿದ್ದವು.

ಫ್ಯುಯೆಲ್ ಸೆಲ್ ಕೆಟ್ಟಿದ್ದರಿಂದ ಮಳೆಗಾಲಕ್ಕೆ ಮೊದಲೇ ಅದನ್ನೂ ಅದರ ಗಾಳಿಯಂತ್ರವನ್ನೂ ಬಿಚ್ಚಿ ತಯಾರಿಸಿದವರಿಗೆ ಕಳಿಸಿದ್ದರಂತೆ. ತೂಕ ಸರಿದೂಗಲೆಂದು ಮರಳು ಇಟ್ಟಿದ್ದರು. ಗ್ಯಾಸಿನವರು ಸಿಲಿಂಡರ್ ತುಂಬದೆ ಬಿಟ್ಟದ್ದು, ನಾವು ಅಂದುಕೊಂಡಂತೆ ಬ್ಯಾಟರಿಯನ್ನು ನಂಬಿ ಅಲ್ಲ, ಅದಕ್ಕೇ. ಚಾರ್ಜಿಂಗಿನವರಿಗೆ, ಡ್ರೈವರುಗಳಿಗೆ ಅದನ್ನು ಹೇಳಲು ಯಾರಿಗೂ ನೆನಪಾಗಿರಲಿಲ್ಲ. ಬಸಗೊಂಡ ನನ್ನ ಪಕ್ಕದಲ್ಲಿ ನಿಂತು ಆ ಚೀಲಗಳನ್ನು ನೋಡುತ್ತಿದ್ದ. ಅವನ ಕೈಯಲ್ಲಿ ಅರ್ಧ ಪೇಢೆ ಹಾಗೇ ಇತ್ತು. ಅವನಿಗೂ ಅದು ಅಂದೇ ಗೊತ್ತಾದದ್ದು.

ಎಂಜಿನಿಯರ್ ನಗುತ್ತ ವಿವರಿಸಿದರು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಇಳಿದುಹೋದ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಅದರ ವೋಲ್ಟೇಜ್ ತಾನಾಗಿ ಒಂದಿಷ್ಟು ಏರುತ್ತದೆ. ಬಸ್ಸು ಆಗ ಖಾಲಿ ಇತ್ತು, ಏ.ಸಿ. ಇರಲಿಲ್ಲ. ಏರು ಹೇಗೋ ಹತ್ತಿದರೆ, ಇಳಿಜಾರಿನಲ್ಲಿ ಬ್ರೇಕಿನಿಂದಲೇ ಬ್ಯಾಟರಿಗೆ ಮರಳಿ ಶಕ್ತಿ ಸಿಗುತ್ತದೆ. ಸದ್ದು? ಬ್ಯಾಟರಿ ತಂಪು ಮಾಡುವ ಫ್ಯಾನು. ನೀರು? ಏ.ಸಿ.ಯ ನೀರು ತೊಟ್ಟಿಕ್ಕಿರಬಹುದು, ಛಾವಣಿಯ ಮಳೆನೀರು ಇಳಿದಿರಬಹುದು. ಎಲ್ಲವೂ ಸರಿ. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ ಏ.ಸಿ.ಯ ನೀರು ತಣ್ಣಗಿರುತ್ತದೆ.

ಮನೆಗೆ ಬಂದು ಸವಿತಾಳಿಗೆ ಇದನ್ನು ಹೇಳಿದೆ. ಕೊಳವೆಯ ನೀರು ಬೆಚ್ಚಗಿತ್ತು, ಅದನ್ನು ಹೇಗೆ ವಿವರಿಸುವುದು ಎಂದು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಭಾವಾರ, ನೀವು ಇಳಿದೇ ಇಲ್ಲ. ಸದ್ದು ಬಂದಾಗಿಂದ ದವಾಖಾನಿ ಮುಟ್ಟೂತನಾ ಇವರ ಕಾಲು ಹಿಡ್ಕೊಂಡು ಕೂತಿದ್ರಿ. ನಾ ನಿಮ್ಮನ್ನೇ ನೋಡ್ಲಿಕತ್ತಿದ್ದೆ."

ಇಳಿದೆ ಎಂದೆ. ಇಲ್ಲ ಎಂದಳು. ನಾನು ದನಿ ಏರಿಸಿದೆ. ಅವಳು ಏರಿಸಲಿಲ್ಲ. ಗುರುವನ್ನು ಕೇಳಿದರೆ, ತನಗೆ ಅರೆಎಚ್ಚರ, ಯಾರದೋ ಕೈ ಕಾಲ ಮೇಲಿತ್ತು ಎಂಬುದಷ್ಟೇ ಗೊತ್ತು ಎಂದ. ಮತ್ತೆ ಡಿಪೋಗೆ ಹೋಗಿ ಬಸಗೊಂಡನನ್ನು ಕೇಳಿದೆ. ಅವನು, ಪಕ್ಕದ ಕನ್ನಡಿಯಲ್ಲಿ ಯಾರೋ ಹಿಂದಕ್ಕೆ ನಡೆದು ಹೋದದ್ದು ಕಂಡಿತ್ತು, ನೀವೇ ಇರಬೇಕೆಂದು ತಿಳಿದೆ ಎಂದ. ಮುಖ ನೋಡಿದೆಯಾ ಎಂದೆ. ಇಲ್ಲ ಎಂದ. ಬಾಗಿಲು ತೆಗೆದದ್ದು ನೆನಪಿದೆಯೇ ಎಂದೆ. ಡ್ರೈವರ್ ಗುಂಡಿ ಒತ್ತದೆ ಆ ಬಸ್ಸಿನ ಬಾಗಿಲು ತೆರೆಯುವುದಿಲ್ಲ. ಸವಿತಾ ನೆನೆದು ಒಳಗೆ ಬಂದ ಮೇಲೆ ತಾನು ಬಾಗಿಲು ಮುಚ್ಚಿದ್ದು ನೆನಪಿದೆ. ಮತ್ತೆ ತೆಗೆದ ನೆನಪಿಲ್ಲ ಎಂದ.

ಅಂದಿನಿಂದ ನಾನು ಎಷ್ಟೋ ಸಲ ಫ್ಲೈಓವರಿನ ಕೆಳಗಿನ ಆ ಜಾಗಕ್ಕೆ ಹೋಗಿ ನಿಂತಿದ್ದೇನೆ. ಎಂಜಿನಿಯರಿಗೂ ಆಗಾಗ ಫೋನು ಮಾಡಿ ಅದೇ ಪ್ರಶ್ನೆಗಳನ್ನು ಕೇಳಿದ್ದೇನೆ. ಕೆಲವು ದಿನ ನನಗೆ ಸವಿತಾ ಹೇಳಿದ್ದೇ ಸರಿ ಅನಿಸುತ್ತದೆ. ಗುರುವಿನ ಜೊತೆ ನಾನೂ ಮಾಡಿದ್ದ ಉಪವಾಸ, ಹೆದರಿಕೆ, ಕತ್ತಲು; ಫ್ಯುಯೆಲ್ ಸೆಲ್ ಹೇಗೆ ಕೆಲಸ ಮಾಡುತ್ತದೆ ಎಂದು ಒಂದೆರಡು ಗಂಟೆ ಮೊದಲು ನಾನೇ ಗುರುವಿಗೆ ಹೇಳಿದ್ದೆ; ಆ ಪಾಠವನ್ನೇ ನನ್ನ ಮೆದುಳು ಕೊಳವೆ, ನೀರು, ಬಿಸುಪು ಎಂದು ಕಟ್ಟಿಕೊಟ್ಟಿರಬೇಕು. ಬೇರೆಯವರಿಗೆ ನಾನು ಇದನ್ನೇ ಹೇಳುತ್ತಿದ್ದೆ. ಆದರೆ ಇನ್ನು ಕೆಲವು ದಿನ ಪ್ರಯೋಗಶಾಲೆಯಲ್ಲಿ ಕೈ ತೊಳೆಯುವಾಗ ಆ ನೀರಿನ ಬಿಸುಪು ಅಂಗೈಗೆ ಬರುತ್ತದೆ. ಆಗ ವಾದ ಬೀಳುತ್ತದೆ.

ಇದನ್ನು ಕೇಳಿದ ನೆಂಟರು ದೇವರು ದೊಡ್ಡವನು ಎಂದರು. ಅದನ್ನು ಒಪ್ಪಿಕೊಂಡರೆ ನನಗೂ ನೆಮ್ಮದಿ ಸಿಗುತ್ತಿತ್ತೇನೋ. ಸಿಗದಂತೆ ಮಾಡಿದವನು ಬೆಂಚಿನ ಮೇಲೆ ಕೂತಿದ್ದ ಆ ಮನುಷ್ಯ. ಯಾರೋ ಬಂದು ನಮಗಾಗಿ ಬಸ್ಸು ನಡೆಸಿದರು ಎಂದಾದರೆ, ಅದೇ ಯಾರೋ ಅವನನ್ನು ಚಾದರ ಮಡಿಚಿಸಿ ಮನೆಗೆ ಕಳಿಸಿದರು ಎಂದೂ ಆಗುತ್ತದೆ. ಅವನ ಹೆಂಡತಿಯೂ ಆ ಸಂಜೆ ಯಾರದೋ ಹೆಸರು ಗುಣುಗುಣಿಸುತ್ತಿದ್ದಿರಬೇಕು. ಅವನಿಗೆ ಆಮೇಲೆ ಕಿಡ್ನಿ ಸಿಕ್ಕಿತೇ ಎಂದು ಆಸ್ಪತ್ರೆಯಲ್ಲಿ ಎರಡು ಸಲ ಕೇಳಿದೆ. ಅದನ್ನು ಹೇಳುವ ನಿಯಮವಿಲ್ಲವಂತೆ. ಹಾಗಾಗಿ ನನಗೆ ವೋಲ್ಟೇಜೇ ಬೇಕು. ಯಾರ ಕಡೆಯೂ ಇಲ್ಲದ, ಯಾರನ್ನೂ ಆರಿಸದ ವೋಲ್ಟೇಜ್.

ಇಲ್ಲಿಗೆ ನಿಲ್ಲಿಸಬಹುದಿತ್ತು. ಈ ಮಳೆಗಾಲದಲ್ಲಿ ಗುರುವಿಗೆ ಮತ್ತೆ ಕಾಲು ಊದತೊಡಗಿತು. ದೇಹ ಆ ಕಿಡ್ನಿಯನ್ನು ಒಲ್ಲೆ ಎನ್ನುತ್ತಿದೆ ಎಂದರು. ಮೂರು ವಾರದಿಂದ ಅದೇ ಆಸ್ಪತ್ರೆಯಲ್ಲಿದ್ದಾನೆ. ಔಷಧಿ ಏರಿಸಿದ್ದಾರೆ, ಉಳಿಯಲೂಬಹುದು, ಉಳಿಯದೆ ಇದ್ದರೆ ಮತ್ತೆ ಡಯಾಲಿಸಿಸ್, ಮತ್ತೆ ಹೆಸರು ಬರೆಸುವುದು. ಸವಿತಾ ಬಹಳ ಇಳಿದುಹೋಗಿದ್ದಾಳೆ. ಮೊನ್ನೆ ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದಾಗ, ನಿದ್ದೆಯಲ್ಲಿದ್ದಾನೆ ಎಂದುಕೊಂಡಿದ್ದ ಗುರು ಕಣ್ಣು ಬಿಟ್ಟ.

"ಅಣ್ಣಾ, ಅವತ್ತ ಆ ಬಸ್ಸು ತಾನಾಗೇ ನಡೀತು, ಹೌದಲ್ಲೋ? ಬ್ಯಾಟ್ರಿ ಗೀಟ್ರಿ ಹೇಳಬ್ಯಾಡ. ಖರೇ ಹೇಳು."

ಅವನು ನನ್ನ ಮುಖವನ್ನು ನೋಡುತ್ತಿದ್ದ ರೀತಿ ನನಗೆ ಪರಿಚಿತವಾಗಿತ್ತು. ಪರೀಕ್ಷೆಯ ಫಲಿತಾಂಶದ ದಿನ ಹುಡುಗರು ಹೀಗೆ ನೋಡುತ್ತಾರೆ. ಖರೇ, ತಾನಾಗೇ ನಡೀತು ಎಂದೆ.

"ಹಂಗಾದ್ರ ಇನ್ನೊಮ್ಮೆ ನಡೀತದ ಬಿಡು," ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ನಾನು ಹೇಳಿದ್ದು ಸುಳ್ಳೋ ನಿಜವೋ ನನಗೇ ಗೊತ್ತಿಲ್ಲ. ನಿನ್ನೆ ಆ ಎಂಜಿನಿಯರ್ ಫೋನು ಮಾಡಿದ್ದರು. ಬಸ್ಸಿನೊಳಗೆ ಎಲ್ಲವೂ ತಾನಾಗಿ ದಾಖಲಾಗುತ್ತ ಇರುತ್ತದಂತೆ. ಆ ಸಂಜೆಯದನ್ನೂ ತೆಗೆಸಿ ನೋಡಬಹುದು, ನೀವು ಇಷ್ಟು ಸಲ ಕೇಳಿದಿರಿ, ಬೇಕಾದರೆ ತರಿಸುತ್ತೇನೆ ಎಂದರು. ಎರಡು ವರ್ಷದ ಹಿಂದೆ ಆಗಿದ್ದರೆ ಅದೇ ಕ್ಷಣ ಹೊರಟುಬಿಡುತ್ತಿದ್ದೆ. ಅದರಲ್ಲಿ ಬ್ಯಾಟರಿ ಎಂದಿದ್ದರೆ ನಾನು ಅದನ್ನು ಗುರುವಿನಿಂದ ಮುಚ್ಚಿಡಲಾರೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂಬುದು ಅವನಿಗೆ ಚಿಕ್ಕಂದಿನಿಂದ ಗೊತ್ತು.

ಸದ್ಯಕ್ಕೆ ಬೇಡ ಎಂದೆ.